ಒಂದು ಕಡಲಿಗೆ, ಒಂದು ಕಲ್ಲಮ್ಮನಿಗೆ

ಮೀನಿನ ತಲೆಯೊಳಗೆ ಕಲ್ಲಿದೆ ಎಂದರೆ, ಚಿಲಿ ದೇಶದ ದಕ್ಷಿಣ ತುದಿಯ ನಮ್ಮ ಪುಂತಾ ಅರೆನಾಸಿನಲ್ಲೂ ನಗುವವರಿದ್ದಾರೆ. ಬಂದರಿನ ಊರಲ್ಲಿ ಹುಟ್ಟಿ, ಮೀನು ತಿಂದೇ ಬೆಳೆದು, ಮೀನಿನ ತಲೆಯಲ್ಲಿ ಏನಿದೆ ಎಂದು ಗೊತ್ತಿಲ್ಲದವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ. ಮಿದುಳಿನ ಹಿಂದೆ, ಎಡಕ್ಕೊಂದು ಬಲಕ್ಕೊಂದು, ಬೀನ್ಸ್ ಕಾಳಿನಷ್ಟು ದೊಡ್ಡ ಬಿಳಿ ಕಲ್ಲುಗಳಿರುತ್ತವೆ. ಅವು ಮೀನಿನ ಕಿವಿ. ಮರದ ಕಾಂಡದಲ್ಲಿ ವರ್ಷ ಕಳೆದಂತೆ ಬಳೆ ಮೂಡುವ ಹಾಗೆ ಆ ಕಲ್ಲಿನಲ್ಲೂ ಮೂಡುತ್ತವೆ. ಕಲ್ಲನ್ನು ಅಡ್ಡಕ್ಕೆ ಕೊಯ್ದು, ಕಾಗದದಷ್ಟು ತೆಳ್ಳಗೆ ಉಜ್ಜಿ, ಗಾಜಿಗೆ ಅಂಟಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಬಳೆ ಎಣಿಸಬೇಕು. ನನ್ನ ಕೆಲಸ ಇಷ್ಟೇ. ಮೂವತ್ತೊಂದು ವರ್ಷ ಎಣಿಸಿದೆ.

ನಮ್ಮ ಸಂಶೋಧನಾ ಸಂಸ್ಥೆಯ ಹಳೆಯ ಕಟ್ಟಡದಲ್ಲಿ ಈಗ ಪ್ರವಾಸಿಗರಿಗೆ ಪೆಂಗ್ವಿನ್ ಗೊಂಬೆ ಮಾರುತ್ತಾರೆ. ನನ್ನ ಮೇಜಿದ್ದ ಮೂಲೆಯಲ್ಲಿ ಟೋಪಿಗಳ ಕಪಾಟು ನಿಂತಿದೆ. ಒಮ್ಮೆ ಒಳಗೆ ಹೋಗಿ ನೋಡಿ ಬಂದೆ, ಇನ್ನು ಹೋಗುವುದಿಲ್ಲ. ಆಗ ಅಲ್ಲೊಂದು ಕಟ್ಟಿಗೆ ಒಲೆಯಿತ್ತು. ಒಲೆಯ ಮೇಲೆ ಸದಾ ನೀರಿನ ಕೆಟಲ್, ಕಿಟಕಿಯಲ್ಲಿ ಜಲಸಂಧಿ, ಗಾಳಿ ಬೀಸಿದರೆ ಇಡೀ ಕಟ್ಟಡವೇ ನರಳುತ್ತಿತ್ತು. ಗಾಳಿ ತೀರ ಜೋರಾದ ದಿನ ನಗರಸಭೆಯವರು ಬೀದಿಯುದ್ದಕ್ಕೂ ಹಗ್ಗ ಕಟ್ಟುತ್ತಿದ್ದರು. ಆ ಹಗ್ಗ ಹಿಡಿದುಕೊಂಡು ನಾನು ಮೀನಿನ ವಯಸ್ಸು ಎಣಿಸಲು ಹೋಗುತ್ತಿದ್ದೆ. ನಗು ಬರುತ್ತದೆ, ಆದರೆ ಅಂಥ ಸುಖ ಮತ್ತೆ ಸಿಗಲಿಲ್ಲ.

ನೊಲ್ಬೆರ್ತೊ ಮೊದಲ ಸಲ ಒಳಗೆ ಬಂದದ್ದೂ ಅಂಥದ್ದೇ ಗಾಳಿಯ ದಿನ. 'ಸಾಂತಾ ರೂಫಿನಾ' ಎಂಬ ಹಡಗಿನ ಅಡುಗೆಯವನು, ಚಿಲೊಯೆ ದ್ವೀಪದವನು, ಗಿಡ್ಡ ಆಳು, ಬಾಗಿಲಷ್ಟು ಅಗಲ. ಆ ಹಡಗು ದಕ್ಷಿಣಕ್ಕೆ, ಹಿಮದ ಬಂಡೆಗಳು ತೇಲುವ ಕಡಲಿಗೆ ಹೋಗಿ, ಎರಡು ಸಾವಿರ ಮೀಟರು ಆಳಕ್ಕೆ ಗಾಳದ ಹಗ್ಗ ಇಳಿಸಿ ಆಳಮೀನು ಹಿಡಿದು ತರುತ್ತಿತ್ತು. ನಮ್ಮ ಸಂಸ್ಥೆಯವರು ಕೆಲವು ಮೀನುಗಳ ಬೆನ್ನಿಗೆ ನಂಬರಿನ ಪಟ್ಟಿ ಚುಚ್ಚಿ ಮತ್ತೆ ನೀರಿಗೆ ಬಿಡುತ್ತಿದ್ದರು. ಅಂಥ ಪಟ್ಟಿ ತಂದುಕೊಟ್ಟವರಿಗೆ ಉಣ್ಣೆಯ ಟೋಪಿ ಬಹುಮಾನ. ಅವನು ಟೋಪಿಗಾಗಿ ಬಂದಿದ್ದ.

"ಕಲ್ಲು ನೋಡೋ ಅಮ್ಮ ನೀವೇನಾ?" ಎಂದ.

"ಕಲ್ಲು ನೋಡಲ್ಲ, ವಯಸ್ಸು ನೋಡ್ತೀನಿ."

"ಹಾಗಾದ್ರೆ ನನ್ನ ವಯಸ್ಸೆಷ್ಟು, ಹೇಳಿ ನೋಡೋಣ."

"ತಲೆ ಒಡೀಬೇಕಾಗುತ್ತೆ. ಪರವಾಗಿಲ್ವಾ?"

ಅವನು ಟೋಪಿ ತೆಗೆದು ತಲೆ ಬಗ್ಗಿಸಿ ನಿಂತ. ನಾನು ನಕ್ಕುಬಿಟ್ಟೆ. ನನಗಾಗ ನಲವತ್ತಾರು. ಈ ಎಡೆಲ್ಮಿರಾಳ ಮದುವೆಯ ಕಾಲ ಮುಗಿಯಿತು ಎಂದು ಊರು ತೀರ್ಮಾನಿಸಿತ್ತು, ನಾನೂ ಒಪ್ಪಿಕೊಂಡಿದ್ದೆ. ಅಂದಿನಿಂದ ಅವನ ಬಾಯಲ್ಲಿ ನಾನು ಕಲ್ಲಮ್ಮ ಆದೆ.

ಆ ಹಡಗುಗಳಲ್ಲಿ ಒಂದು ಪದ್ಧತಿಯಿತ್ತು. ಪ್ರಯಾಣದ ಮೊದಲ ದೊಡ್ಡ ಮೀನಿನ ತಲೆ ಅಡುಗೆಯವನಿಗೆ. ಕೆನ್ನೆಯ ಮಾಂಸ ಕೊಯ್ದು, ಆಲೂಗಡ್ಡೆ ಹಾಕಿ, ಎಲ್ಲರಿಗೂ ಸಾರು ಮಾಡಬೇಕು. ಅದಕ್ಕೂ ಮೊದಲು ತಲೆ ಸೀಳಿ ಎರಡು ಕಲ್ಲು ತೆಗೆಯಬೇಕು. ಹಡಗಿನವರೆಲ್ಲ ಡೆಕ್ಕಿನ ಮೇಲೆ ನಿಂತು ನೋಡುತ್ತಿರುವಾಗ ಅಡುಗೆಯವನು ಒಂದು ಕಲ್ಲನ್ನು ಎಡಭುಜದ ಮೇಲಿಂದ ಹಿಂದಕ್ಕೆ, ನೀರಿಗೆ ಎಸೆಯಬೇಕು. ಕಡಲಿನ ಪಾಲು ಕೊಡದ ಹಡಗು ಮನೆಗೆ ಮರಳುವುದಿಲ್ಲ ಎಂದು ನಂಬಿಕೆ. ಇನ್ನೊಂದು ಕಲ್ಲು ಅಡುಗೆಯವನದ್ದು. ನೊಲ್ಬೆರ್ತೊ ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು ತಂದು ನನ್ನ ಮೇಜಿನ ಮೇಲಿಡುತ್ತಿದ್ದ.

"ಒಂದು ಕಡಲಿಗೆ, ಒಂದು ಕಲ್ಲಮ್ಮನಿಗೆ," ಎನ್ನುತ್ತಿದ್ದ, ಪ್ರತಿ ಸಲ.

"ಹೊತ್ತಾರೆಯಿಂದ ಸಂಜೆವರೆಗೂ ಕಲ್ಲು ನೋಡೋಳಿಗೆ ಇನ್ನೊಂದು ಕಲ್ಲಾ? ಸಿಹಿಯಂಗಡಿಗೆ ದಾರಿ ಗೊತ್ತಿಲ್ವಾ ನಿಮಗೆ?"

"ಸಿಹಿ ತಿಂದ್ರೆ ಮುಗೀತು. ಇದು ನಾವಿಬ್ರು ಹೋದ್ಮೇಲೂ ಇರುತ್ತೆ."

ಆ ಕಲ್ಲುಗಳನ್ನು ನಾನು ಯಾವತ್ತೂ ಕೊಯ್ಯಲಿಲ್ಲ. ಮನೆಗೆ ಒಯ್ದು, ಜಾಮ್ ಖಾಲಿಯಾದ ಒಂದು ಜಾಡಿಯಲ್ಲಿ ಹಾಕಿ, ಬೀರುವಿನೊಳಗೆ ಇಡುತ್ತಿದ್ದೆ. ಸಹೋದ್ಯೋಗಿಗಳು ಕೇಳಿದರೆ ಮಾದರಿ ಸಂಗ್ರಹ ಎನ್ನುತ್ತಿದ್ದೆ. ಯಾವ ಮೀನು, ಯಾವ ದಿನ, ಎಷ್ಟು ಉದ್ದ ಎಂಬ ಚೀಟಿಯೇ ಇಲ್ಲದ ಸಂಗ್ರಹ.

ಮೂರು ತಿಂಗಳಿಗೊಮ್ಮೆ ಹಡಗು ಬರುತ್ತಿತ್ತು. ಒಲೆಯ ಮುಂದೆ ಕೂತು ಒಂದೇ ಸೋರೆಬುರುಡೆಯಿಂದ ಸರದಿಯಲ್ಲಿ ಮಾಟೆ ಕಷಾಯ ಹೀರುತ್ತ ಅವನು ಹೇಳುತ್ತಿದ್ದ, ನಾನು ಕೇಳುತ್ತಿದ್ದೆ. ತಿಮಿಂಗಿಲಗಳು ಹಡಗಿನ ಎಂಜಿನ್ ಸದ್ದು ಗುರುತಿಟ್ಟುಕೊಂಡು ಹಿಂದೆ ಬರುವುದು, ಹಗ್ಗ ಮೇಲೆಳೆಯುವಾಗ ಮೀನು ಕಿತ್ತು ತಿಂದು ಗಾಳದಲ್ಲಿ ತುಟಿ ಮಾತ್ರ ಬಿಟ್ಟುಹೋಗುವುದು. ಗಾಳಕ್ಕೆ ಸಿಕ್ಕಿ ಮುಳುಗಿದ ಆಲ್ಬಟ್ರಾಸ್ ಹಕ್ಕಿ, ಅದರ ರೆಕ್ಕೆ ಬಿಡಿಸಿ ಡೆಕ್ಕಿನ ಮೇಲೆ ಹರಡಿದಾಗ ಎಲ್ಲರೂ ಟೋಪಿ ತೆಗೆದದ್ದು. ಆಮೇಲೆ ಗಾಳದ ಮೇಲೆ ಬಲೆಯ ಟೋಪಿ ಹಾಕಲು ಕಲಿತದ್ದು, ಹಕ್ಕಿಗಳ ಸಾವು ನಿಂತದ್ದು. ಕಡಲಿಗೆ ಅವನಷ್ಟು ಹೆದರುವವನನ್ನು ನಾನು ನೋಡಿಲ್ಲ. ಹಡಗಿನ ಮೇಲೆ ಶಿಳ್ಳೆ ಹಾಕುತ್ತಿರಲಿಲ್ಲ, ಬ್ರೆಡ್ಡನ್ನು ಬೋರಲಾಗಿಡುತ್ತಿರಲಿಲ್ಲ, ಸತ್ತವರ ಹೆಸರೆತ್ತುತ್ತಿರಲಿಲ್ಲ.

ಒಮ್ಮೆ, ನಾನು ಕೇಳದೆಯೇ, ಹೇಳಿದ. "ಮೊದ್ಲು ಒಂದು ತಲೆ ಹಾಕಿದ್ರೆ ಪಾತ್ರೆ ತುಂಬ್ತಿತ್ತು ಕಲ್ಲಮ್ಮ. ಹೋದ ವರ್ಷ ಎರಡು ಹಾಕ್ದೆ. ಈ ಸಲ ನಾಲ್ಕು. ಪಾತ್ರೆ ಅದೇ."

ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಮ್ಮ ಸಂಸ್ಥೆಯ ಎಷ್ಟೋ ವರದಿಗಳಿಗಿಂತ ಆ ಮಾತು ಗಟ್ಟಿಯಾಗಿತ್ತು.

ಆ ಕಾಲಕ್ಕೆ ಒಂದು ಜಗಳ ಎದ್ದಿತ್ತು. ನಾನು ವರ್ಷಕ್ಕೊಂದು ಬಳೆ ಎನ್ನುತ್ತಿದ್ದೆ. ಹಡಗಿನ ಒಡೆಯರು ಕರೆಸಿದ್ದ ಪಂಡಿತನೊಬ್ಬ ವರ್ಷಕ್ಕೆರಡು ಎನ್ನುತ್ತಿದ್ದ. ನಾನು ನಲವತ್ತು ಬಳೆ ಎಣಿಸಿದರೆ ನನ್ನ ಲೆಕ್ಕದಲ್ಲಿ ಮೀನಿಗೆ ನಲವತ್ತು ವರ್ಷ, ಅವನ ಲೆಕ್ಕದಲ್ಲಿ ಇಪ್ಪತ್ತು. ಬೇಗ ಬೆಳೆಯುವ ಮೀನಾದರೆ ಬೇಕಾದಷ್ಟು ಹಿಡಿಯಬಹುದು. ನಿಧಾನವಾಗಿ ಬೆಳೆಯುವ ಮುದಿ ಮೀನಾದರೆ, ಹಿಡಿದದ್ದು ಮತ್ತೆ ತುಂಬಿಕೊಳ್ಳಲು ಮನುಷ್ಯನ ಅರ್ಧ ಆಯಸ್ಸು ಬೇಕು, ಹಡಗುಗಳನ್ನು ಕಟ್ಟಿಹಾಕಬೇಕು. ರಾಜಧಾನಿಯ ಸಭೆಯಲ್ಲಿ ಆ ಪಂಡಿತ, "ಆ ಹೆಂಗಸು ನೆರಳನ್ನೆಲ್ಲ ಬಳೆ ಅಂತ ಎಣಿಸ್ತಾಳೆ," ಎಂದನಂತೆ. ನನ್ನ ಮೇಲಧಿಕಾರಿ ಡಾಕ್ಟರ್ ಡಾನಿಟ್ಸಾ ಹಿಂದಿರುಗಿ ಬಂದು ನನ್ನ ಮುಖ ನೋಡಲಿಲ್ಲ.

"ನಾನು ನಂಬ್ತೀನಿ ಎಡೆಲ್ಮಿರಾ. ಆದ್ರೆ ನನ್ನ ನಂಬಿಕೆ ಸಾಕಾಗಲ್ಲ. ಈ ಚಳಿಗಾಲದೊಳಗೆ ಸಾಕ್ಷಿ ಸಿಗದಿದ್ರೆ ನಿಮ್ಮ ಎಣಿಕೆಯನ್ನೆಲ್ಲ ಬದಿಗಿಡ್ತಾರೆ."

ಎಲ್ಲ ಎಂದರೆ ಅಷ್ಟೂ ವರ್ಷದ ಕೆಲಸ.

ಸಾಕ್ಷಿ ಒಂದೇ ರೀತಿ ಸಿಗಬಹುದಿತ್ತು. ಹನ್ನೊಂದು ವರ್ಷದ ಹಿಂದೆ ನಮ್ಮವರು ಪಟ್ಟಿ ಹಾಕಿ ಬಿಟ್ಟ ಕೆಲವು ಮೀನುಗಳಿಗೆ ಒಂದು ಔಷಧಿಯನ್ನೂ ಚುಚ್ಚಿದ್ದರು. ಆ ಔಷಧಿ ಕಿವಿಗಲ್ಲಿನಲ್ಲಿ ಒಂದು ಗೆರೆಯಾಗಿ ಉಳಿಯುತ್ತದೆ. ವಿಶೇಷ ನೇರಳೆ ದೀಪದ ಕೆಳಗಿಟ್ಟರೆ ಆ ಗೆರೆ ಹಳದಿಯಾಗಿ ಹೊಳೆಯುತ್ತದೆ. ಗೆರೆಯ ಹೊರಗೆ ಹನ್ನೊಂದು ಬಳೆಯಿದ್ದರೆ ನಾನು ಸರಿ. ಇಪ್ಪತ್ತೆರಡಿದ್ದರೆ ಅವನು ಸರಿ. ಆದರೆ ಆ ಮೀನುಗಳಲ್ಲಿ ಒಂದೂ ಮರಳಿ ಸಿಕ್ಕಿರಲಿಲ್ಲ.

ಆ ವರ್ಷದ ಮೇ ತಿಂಗಳಲ್ಲಿ ಒಂದು ಸಿಕ್ಕ ಸುದ್ದಿ ಬಂತು. ಸಿಕ್ಕಿದ್ದು ಸಾಂತಾ ರೂಫಿನಾದ ಗಾಳಕ್ಕೆ. ಪಟ್ಟಿ ಬಂತು, ಮೀನಿನ ಉದ್ದ ಬರೆದ ಚೀಟಿ ಬಂತು, ಕಲ್ಲು ಬರಲಿಲ್ಲ. ಬಂದರಿನ ಅಧಿಕಾರಿ ವಿಚಾರಿಸಿದಾಗ ಅಡುಗೆಯವನು ಹೇಳಿದನಂತೆ, ತಲೆ ಸಾರಿಗೆ ಹೋಯ್ತು, ಕಲ್ಲು ಎರಡೂ ಕಡಲಿಗೆ ಹೋದವು. ಡಾನಿಟ್ಸಾ ಚೀಟಿಯನ್ನು ನನ್ನ ಮೇಜಿನ ಮೇಲೆ ಬಿಸಾಕಿ, ಕೋಟು ಹಾಕಿಕೊಂಡು ಹೊರಗೆ ಹೋದಳು. ಅಳುವುದಕ್ಕೇ ಹೋದದ್ದು, ನನಗೆ ಗೊತ್ತು.

ನಾನು ಚೀಟಿ ಓದಿದೆ. ಗಾಳ ಇಳಿಸಿದ ಮೊದಲ ದಿನವೇ ಹಿಡಿದದ್ದು. ಉದ್ದ ಒಂದು ಮೀಟರು ಅರವತ್ತೊಂದು. ಮೊದಲ ದೊಡ್ಡ ಮೀನು.

ಅದರ ಒಂದು ಕಲ್ಲು ನನ್ನ ಬೀರುವಿನಲ್ಲಿತ್ತು. ಮೂರು ವಾರದ ಹಿಂದೆ ಅವನೇ ಕೊಟ್ಟದ್ದು, ಹದಿನೇಳನೆಯದು, ಇನ್ನೂ ಬೆಂಕಿಪೊಟ್ಟಣದಿಂದ ಜಾಡಿಗೆ ಇಳಿಸಿರಲಿಲ್ಲ.

ಮಾರನೆಯ ದಿನ ಎಲ್ಲರೂ ಊಟಕ್ಕೆ ಹೋದಾಗ ಅದನ್ನು ನೇರಳೆ ದೀಪದ ಕೆಳಗಿಟ್ಟೆ. ಅಂಚಿನ ಹತ್ತಿರ ಕೂದಲೆಳೆಯಂಥ ಹಳದಿ ಗೆರೆ ಹೊತ್ತಿಕೊಂಡಿತು. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ್ದನ್ನು ನೋಡಿರಲಿಲ್ಲ, ಅಷ್ಟು ಸಂಕಟವನ್ನೂ ಪಟ್ಟಿರಲಿಲ್ಲ. ಬಳೆ ಎಣಿಸಬೇಕೆಂದರೆ ಕೊಯ್ಯಬೇಕು. ಕೊಯ್ದು ಹನ್ನೊಂದು ಬಂದರೆ ಅವನ ಹಡಗು ನಿಲ್ಲುತ್ತದೆ. ಕೊಯ್ಯದಿದ್ದರೆ ಈ ಕಲ್ಲಿರುವುದು ಮೂರನೆಯವರಿಗೆ ಗೊತ್ತಾಗುವುದೇ ಇಲ್ಲ.

ದೀಪ ಆರಿಸಿ ನೇರ ಬಂದರಿಗೆ ಹೋದೆ. ಅವನು ಹಡಗಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದ. ನನ್ನನ್ನು ನೋಡಿ ಸ್ಟೂಲು ತಳ್ಳಿದ. ನಾನು ಕೂರಲಿಲ್ಲ.

"ಎರಡೂ ಕಡಲಿಗೆ ಹೋದವು ಅಂದ್ರಂತೆ?"

"ಅಂದೆ."

"ಒಂದು ನನ್ನ ಹತ್ರ ಇದೆ ಅಂತ ಮರೆತ್ರಾ?"

"ಇಲ್ಲ."

"ಮತ್ತೆ ಯಾಕೆ ಸುಳ್ಳು ಹೇಳಿದ್ರಿ?"

ಅವನು ಚಾಕು ಕೆಳಗಿಡಲಿಲ್ಲ. "ಈ ಪಾತ್ರೆಯಿಂದ ಮೂವತ್ತೊಂದು ಜನ ಉಣ್ತಾರೆ ಕಲ್ಲಮ್ಮ. ನನ್ನ ಕೈಯಾರೆ ಅವರ ತಟ್ಟೆ ಬೋರಲಾಕಕ್ಕೆ ಆಗಲ್ಲ. ಅಷ್ಟೇ."

"ಹಾಗಾದ್ರೆ ನನ್ನ ಹತ್ರ ಇರೋದು?"

"ಅದು ನಿಮ್ದು. ಕೊಟ್ಟೋನು ಕೋಡಂಗಿ. ಕೊಟ್ಟ ಮೇಲೆ ನಂದೇನಿದೆ?"

"ಅದು ಹೊಳೆಯಿತು. ಈಗ ನೋಡಿ ಬಂದೆ."

ಸಿಪ್ಪೆಯ ಸುರುಳಿ ತುಂಡಾಯಿತು. ಅವನು ಆಲೂಗಡ್ಡೆಯನ್ನು ನೀರಿಗೆ ಹಾಕಿ ಇನ್ನೊಂದು ತೆಗೆದುಕೊಂಡ.

ನಾನು ಹೇಳಿದೆ, "ನೀವು ಬೇಡ ಅಂದ್ರೆ ಕೊಯ್ಯಲ್ಲ. ಜಾಡಿಗೆ ಹಾಕಿ ಮುಚ್ಚಳ ಹಾಕ್ತೀನಿ. ಒಂದು ಮಾತು ಹೇಳಿ."

"ಹೇಳಲ್ಲ."

"ಯಾಕೆ?"

"ಹೇಳಿದ್ರೆ ನೀವು ಕೇಳಿಬಿಡ್ತೀರಿ. ಅದಕ್ಕೇ ಹೇಳಲ್ಲ." ಆಮೇಲೆ ಒಲೆಯ ಮೇಲಿನ ದೊಡ್ಡ ಪಾತ್ರೆಯ ಕಡೆ ಗದ್ದ ತೋರಿಸಿದ. "ಈ ಸಲ ಐದು ತಲೆ ಹಾಕ್ದೆ."

ನಾನು ತಿರುಗಿ ಹೊರಟೆ. ಮೆಟ್ಟಿಲಿಳಿಯುವಾಗ ಅವನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಆ ಚಾಕು ಕಿತ್ತುಕೊಂಡು ಕಡಲಿಗೆ ಎಸೆಯಬೇಕೆನಿಸಿತು. ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ, ಎಲ್ಲವನ್ನೂ ನನ್ನ ತಲೆಗೆ ಕಟ್ಟಿ ಆಲೂಗಡ್ಡೆ ಸುಲಿಯುತ್ತ ಕೂತ ಮನುಷ್ಯ.

ಎರಡು ದಿನ ಬೆಂಕಿಪೊಟ್ಟಣ ನನ್ನ ಕೋಟಿನ ಜೇಬಿನಲ್ಲಿತ್ತು. ಮೂರನೆಯ ದಿನ ಬೆಳಿಗ್ಗೆ ಡಾನಿಟ್ಸಾಳನ್ನು ಕರೆದು ಎಲ್ಲವನ್ನೂ ಹೇಳಿದೆ. ಅವಳ ಕಣ್ಣೆದುರಿಗೇ ಕೊಯ್ಯುವ ಯಂತ್ರಕ್ಕೆ ಕಲ್ಲು ಸಿಕ್ಕಿಸಿದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಆ ಬೆಳಿಗ್ಗೆ ನಾನು ಎರಡನ್ನೂ ಮಾಡಿದೆ.

ಗೆರೆಯ ಹೊರಗೆ ಹನ್ನೊಂದು ಬಳೆ. ಡಾನಿಟ್ಸಾ ಎಣಿಸಿದಳು, ಹನ್ನೊಂದು. ಆ ಪಂಡಿತನನ್ನೇ ಕರೆಸಿ ಕೂರಿಸಿದರು. ಅವನು ಮೂರು ಸಲ ಎಣಿಸಿ, ಕನ್ನಡಕ ಒರೆಸಿ, ಹನ್ನೊಂದು ಎಂದು ಸಹಿ ಹಾಕಿದ. ಒಟ್ಟು ನಲವತ್ತಮೂರು. ಆ ಮೀನು ನನಗಿಂತ ಏಳೆಂಟು ವರ್ಷಕ್ಕಷ್ಟೇ ಚಿಕ್ಕದಾಗಿತ್ತು.

ಹಿಡಿಯುವ ಪ್ರಮಾಣವನ್ನು ಅರ್ಧಕ್ಕಿಳಿಸಿದರು. ಮುಂದಿನ ಬೇಸಿಗೆಯಲ್ಲಿ ಆರು ಹಡಗು ಬಂದರಿನ ಕಟ್ಟೆಯಲ್ಲೇ ನಿಂತುಬಿಟ್ಟವು. ಸಾಂತಾ ರೂಫಿನಾ ಅದರಲ್ಲೊಂದು, ಎರಡು ವರ್ಷ ತುಕ್ಕು ತಿಂದು ಆಮೇಲೆ ಗುಜರಿಗೆ ಹೋಯಿತು. ಕಲ್ಲು ಎಲ್ಲಿಂದ ಬಂತೆಂದು ಹಡಗಿನವರಿಗೆ ಗೊತ್ತಾಗದೆ ಇರುತ್ತದೆಯೇ? ಬಂದರಿನ ಹೋಟೆಲಿನಲ್ಲಿ ಅವನ ಎದುರಿಗೇ ಆಡಿಕೊಂಡರಂತೆ, "ಹೂವು ಕೊಟ್ಟಿದ್ರೆ ಬಾಡಿ ಹೋಗ್ತಿತ್ತು. ಇವನು ಕಲ್ಲು ಕೊಟ್ಟು ನಮ್ಮನ್ನ ಮುಳುಗಿಸ್ದ."

ಊರು ಬಿಟ್ಟು ಹೊರಡುವ ಮೊದಲು ಅವನು ಒಮ್ಮೆ ಸಂಸ್ಥೆಗೆ ಬಂದ. ಒಲೆಯ ಮುಂದೆ ಕೂತ. ಮಾಟೆ ಬುರುಡೆ ನಾಲ್ಕು ಸಲ ಕೈ ಬದಲಾಯಿಸಿತು.

"ಈ ಸಲ ಕಲ್ಲಿಲ್ಲ," ಎಂದ.

"ಗೊತ್ತು," ಎಂದೆ.

"ನಮ್ಮ ದ್ವೀಪದಲ್ಲಿ, ಕೆಮ್ಚಿಯಲ್ಲಿ, ಅಕ್ಕನ ಹೊಲ ಇದೆ. ಆಲೂಗಡ್ಡೆ ಹಾಕ್ತೀನಿ."

ಹೋಗಬೇಡಿ ಎನ್ನಬೇಕಿತ್ತು. ಮೂವತ್ತೊಂದು ಜನರ ತಟ್ಟೆ ಬೋರಲು ಹಾಕಿದವಳು ಯಾವ ಬಾಯಲ್ಲಿ ಅದನ್ನು ಹೇಳಲಿ? ಗಾಳಿ ಜೋರಾಗಿದೆ, ಹಗ್ಗ ಹಿಡಿದು ಹೋಗಿ ಎಂದೆ. ಅವನು ಟೋಪಿ ಸರಿಮಾಡಿಕೊಂಡು ಹೊರಟ. ನಮ್ಮ ಸಂಸ್ಥೆಯ ಟೋಪಿಯೇ, ಮೀನಿನ ಚಿತ್ರ ಹೆಣೆದದ್ದು.

ಆಮೇಲೆ ಪ್ರತಿ ವರ್ಷ ಮೇ ತಿಂಗಳಲ್ಲಿ ಕೆಮ್ಚಿಯಿಂದ ಒಂದು ಮೂಟೆ ಆಲೂಗಡ್ಡೆ ಬರುತ್ತಿತ್ತು, ನೇರಳೆ ಬಣ್ಣದ ಗಂಟುಗಂಟಾದ ದ್ವೀಪದ ತಳಿ. ಒಳಗೆ ಚೀಟಿ ಇರುತ್ತಿರಲಿಲ್ಲ. ನಾನು ತಿರುಗಿ ಉಣ್ಣೆಯ ಕಾಲುಚೀಲ ಕಳಿಸುತ್ತಿದ್ದೆ, ನಾನೂ ಚೀಟಿ ಇಡುತ್ತಿರಲಿಲ್ಲ. ಸಿಟ್ಟು ಹೋಗಿಲ್ಲ, ಮರ್ಯಾದೆಗೆ ಕಳಿಸುತ್ತಾನೆ ಎಂದುಕೊಂಡೆ. ಬಸ್ಸಿನಲ್ಲಿ ಮೂವತ್ತು ಗಂಟೆಯ ದಾರಿ. ಹದಿನಾಲ್ಕು ವರ್ಷ ಒಮ್ಮೆಯೂ ಬಸ್ಸು ಹತ್ತಲಿಲ್ಲ. ಈ ನಡುವೆ ದಕ್ಷಿಣದಿಂದ ಬರುವ ಹಡಗುಗಳಲ್ಲಿ ಮತ್ತೆ ದೊಡ್ಡ ಮೀನು ಕಾಣಿಸುತ್ತಿದೆ ಎಂದು ಡಾನಿಟ್ಸಾ ಫೋನ್ ಮಾಡಿ ಹೇಳಿದಳು. ಅವನಿಗೆ ಬರೆಯಬೇಕೆಂದುಕೊಂಡೆ, ಒಂದು ತಲೆಗೆ ಪಾತ್ರೆ ತುಂಬುವ ಕಾಲ ಬರುತ್ತಿದೆ ಎಂದು. ಬರೆಯಲಿಲ್ಲ.

ಈ ವರ್ಷ ಮೂಟೆ ಬರಲಿಲ್ಲ. ಆಗಸ್ಟಿನಲ್ಲಿ ಒಂದು ಸಣ್ಣ ಪೊಟ್ಟಣ ಬಂತು. ಅವನ ಅಕ್ಕ ಲುದ್ಗಾರ್ದಾ ಬರೆದಿದ್ದಳು: ತಮ್ಮ ಏಪ್ರಿಲಿನಲ್ಲಿ ತೀರಿಕೊಂಡ, ಎದೆಯ ಕಾಯಿಲೆ. ಇವನ್ನು ಕಲ್ಲಮ್ಮನಿಗೆ ಕಳಿಸು ಎಂದಿದ್ದ. ಆಲೂಗಡ್ಡೆ ಹೋಗುತ್ತಿದ್ದ ವಿಳಾಸ ಇದೊಂದೇ, ಆದ್ದರಿಂದ ಅದು ನೀವೇ ಇರಬೇಕು.

ಒಳಗೆ ಟೀ ಡಬ್ಬಿ. ಡಬ್ಬಿಯಲ್ಲಿ ಹತ್ತಿ. ಹತ್ತಿಯಲ್ಲಿ ಹದಿನೇಳು ಕಲ್ಲು.

ಮೇಜಿನ ಬಟ್ಟೆಯ ಮೇಲೆ ಸುರಿದುಕೊಂಡು ಕನ್ನಡಕ ಹಾಕಿಕೊಂಡೆ. ಕಿವಿಗಲ್ಲಿನ ಎಡಬಲ ಹೇಳುವುದು ಸುಲಭವಲ್ಲ. ಮೂತಿ ಯಾವ ಕಡೆ, ತೋಡು ಯಾವ ಕಡೆ ಎಂದು ನೋಡಬೇಕು. ಅದು ಕೈಗೆ ಹತ್ತಲು ನನಗೆ ಎರಡು ವರ್ಷ ಬೇಕಾಗಿತ್ತು. ಮೊದಲನೆಯದನ್ನು ತಿರುಗಿಸಿದೆ, ಎಡ. ಎರಡನೆಯದು ಎಡ. ಹದಿನೇಳೂ ಎಡ. ಎದ್ದು ಬೀರುವಿನಿಂದ ಜಾಡಿ ತಂದೆ. ಅದರಲ್ಲಿದ್ದ ಹದಿನಾರೂ ಬಲ. ಅಷ್ಟು ವರ್ಷ ನನ್ನ ಬೀರುವಿನಲ್ಲಿದ್ದವು, ನಾನೇ ನೋಡಿರಲಿಲ್ಲ. ಗಾತ್ರ ನೋಡಿ ಒಂದಕ್ಕೊಂದು ಜೋಡಿಸಿದೆ. ಹದಿನಾರು ಜೋಡಿ ಕೂಡಿತು. ಉಳಿದ ದೊಡ್ಡ ಕಲ್ಲಿನ ಪಕ್ಕಕ್ಕೆ, ನಿವೃತ್ತಿಯ ದಿನ ಡಾನಿಟ್ಸಾ ನನಗೆ ಕೊಟ್ಟಿದ್ದ ಗಾಜಿನ ಚೂರನ್ನಿಟ್ಟೆ. ನಾನು ಕೊಯ್ದದ್ದು ಅದರ ಮೇಲಿದೆ.

ಮರುದಿನ ಹೊಸ ಕಟ್ಟಡಕ್ಕೆ ಹೋಗಿ ಆ ದೊಡ್ಡ ಕಲ್ಲನ್ನು ದೀಪದ ಕೆಳಗಿಟ್ಟೆ. ಹಳದಿ ಗೆರೆ ಹಾಗೇ ಇತ್ತು. ಈಗ ಅಲ್ಲಿ ಎಣಿಸುವ ಹುಡುಗಿ ಬಗ್ಗಿ ನೋಡಿ ಕಣ್ಣರಳಿಸಿದಳು. "ಕೊಯ್ಯೋಣ್ವಾ ಅಮ್ಮ? ಇನ್ನೊಂದು ಸಲ ಎಣಿಸಿದ್ರೆ ಗಟ್ಟಿಯಾಗುತ್ತೆ."

"ಬೇಡ. ಎಣಿಸಿ ಆಗಿದೆ."

ಮನೆಗೆ ಬಂದು ಅತ್ತೆ. ಆಮೇಲೆ ಅವನನ್ನು ಬಾಯ್ತುಂಬ ಬೈದೆ. ಶಿಳ್ಳೆ ಹಾಕಲೂ ಹೆದರುತ್ತಿದ್ದ ಮನುಷ್ಯ ಹದಿನೇಳು ಸಲ ಮೂವತ್ತು ಜನರ ಕಣ್ಣೆದುರು ಭುಜದ ಮೇಲಿಂದ ಎಸೆದದ್ದೇನನ್ನು? ಬೀನ್ಸ್ ಕಾಳನ್ನೇ ಇರಬೇಕು. ಬಣ್ಣ ಅದೇ, ಗಾತ್ರ ಅದೇ, ಅಡುಗೆಯವನ ಕೈಗೆ ಮತ್ತೇನು ಸಿಗುತ್ತದೆ? ಕಡಲಿಗೆ ಕಾಳು ಕೊಟ್ಟು, ಅದೇ ಕಡಲಿನ ಮೇಲೆ ಜೀವ ಕೈಯಲ್ಲಿ ಹಿಡಿದು ಮೂರು ತಿಂಗಳು ತಿರುಗಿ, ಬಲದ ಕಲ್ಲು ನನ್ನ ಮೇಜಿನ ಮೇಲಿಟ್ಟು, ಎಡದ್ದನ್ನು ಜೇಬಿನಲ್ಲಿಟ್ಟುಕೊಂಡು ನನ್ನೆದುರು ಕೂತು ಮಾಟೆ ಕುಡಿದು ಹೋಗುತ್ತಿದ್ದ.

ಲುದ್ಗಾರ್ದಾಗೆ ಉತ್ತರ ಬರೆದಿದ್ದೇನೆ. ಕಲ್ಲು ತಲುಪಿದವು, ಹದಿನೇಳೂ ಸರಿಯಾಗಿವೆ, ಗೋರಿ ಎಲ್ಲಿದೆ ಹೇಳಿ, ಬರುತ್ತಿದ್ದೇನೆ. ಶನಿವಾರದ ಬಸ್ಸು. ದ್ವೀಪಕ್ಕೆ ಹೋಗಬೇಕಾದರೆ ಕೊನೆಗೆ ದೋಣಿಯಲ್ಲಿ ಕಡಲು ದಾಟಬೇಕು. ಅದರ ಪಾಲು ಇಷ್ಟು ವರ್ಷದಿಂದ ಬಾಕಿಯಿದೆ, ಅಲ್ಲಿ ಕೊಟ್ಟುಬಿಡಬೇಕು ಎಂದು ಯಾರಾದರೂ ಹೇಳಿಯಾರು. ನಾನು ಕೊಡುವುದಿಲ್ಲ. ಕೈಚೀಲದಲ್ಲಿ ಒಂದು ಹಿಡಿ ಬೀನ್ಸ್ ಕಾಳು ಕಟ್ಟಿಟ್ಟುಕೊಂಡಿದ್ದೇನೆ.